ಅರಸಾಳಿನ ಮಾಲ್ಗುಡಿ: ಒಂದು ಚಿಕ್ಕ ರೈಲು ನಿಲ್ದಾಣದ ಎರಡು ಚರಿತ್ರೆಗಳು

1. ಪ್ರಾಚೀನತೆಯ ಪ್ರಶ್ನೆ

ನಾಸಿಕ ಮತ್ತು ಛತ್ರಪತಿ ಸಂಭಾಜಿನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಪ್ರಾಚೀನ ಸ್ಮಾರಕವೆಂದರೇನೆಂಬುದನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ನಾಸಿಕದ ಪಾಂಡವಲೇಣಿಯ ಗುಹೆಗಳಲ್ಲಿ ಸಾತವಾಹನರ ಕಾಲದ ಶಾಸನಗಳಿವೆ. ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರು ದೂರದ ಎಲ್ಲೋರದಲ್ಲಿ, ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲಕ್ಕೆ ಸೇರಿದ ಕೈಲಾಸ ದೇವಾಲಯವು ಒಂದೇ ಬಂಡೆಯಿಂದ ಮೂಡಿ ನಿಂತಿದೆ. ಇಂಥವುಗಳ ನೆರೆಯಲ್ಲಿ ಬಾಳುವವರಿಗೆ, ಮಲೆನಾಡಿನ ನಡುವೆ ಇರುವ, ಶಿಲ್ಪವೈಭವವೇನೂ ಇಲ್ಲದ, ಒಂದು ಶತಮಾನವನ್ನೂ ಕಾಣದ ಚಿಕ್ಕ ರೈಲು ನಿಲ್ದಾಣವೊಂದನ್ನು ವಸ್ತುಸಂಗ್ರಹಾಲಯವನ್ನಾಗಿ ಮಾಡಿ ಕಾಪಾಡಲಾಗಿದೆಯೆಂಬ ಸಂಗತಿ ಕೊಂಚ ವಿಚಿತ್ರವಾಗಿಯೇ ತೋರಬಹುದು.

ಕಾನೂನಿನ ದೃಷ್ಟಿಯಿಂದಲೂ ಅದು ವಿಚಿತ್ರವೇ. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮವು ಕಡಿಮೆಯೆಂದರೆ ನೂರು ವರ್ಷಗಳಿಂದ ಇರುವ ಕಟ್ಟಡವನ್ನು ಮಾತ್ರ ಪ್ರಾಚೀನ ಸ್ಮಾರಕವೆಂದು ಗಣಿಸುತ್ತದೆ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಅರಸಾಳು ನಿಲ್ದಾಣ ಆ ಮಾತಿಗೆ ಒಳಪಡತಕ್ಕುದಲ್ಲ. ಅದು ನಿಂತಿರುವ ಮಾರ್ಗಕ್ಕೇ ಇನ್ನೂ ನೂರು ವರ್ಷ ತುಂಬಿಲ್ಲ. ಆದರೂ 2020ರಲ್ಲಿ ನೈರುತ್ಯ ರೈಲ್ವೆಯ ಮೈಸೂರು ವಿಭಾಗದವರು ಅಲ್ಲಿಯ ಹಳೆಯ ಕಟ್ಟಡವನ್ನು ದುರಸ್ತುಗೊಳಿಸಿ 'ಮಾಲ್ಗುಡಿ ಸಂಗ್ರಹಾಲಯ'ವೆಂಬ ಹೆಸರಿನಲ್ಲಿ ಜನರಿಗೆ ತೆರೆದರು. ಕಾನೂನು ಕಾಯದಿದ್ದ ಕಟ್ಟಡವನ್ನು ಒಂದು ಕಥೆ ಕಾಯಿತು. ಆ ಕಥೆಯೂ ಅರಸಾಳಿನಲ್ಲಿ ನಡೆದ ಕಥೆಯಲ್ಲ. ಭೂಪಟದಲ್ಲಿ ಎಲ್ಲಿಯೂ ಇಲ್ಲದ ಊರೊಂದರ ಕಥೆ.

ಹೀಗಾಗಿ ಈ ಪುಟ್ಟ ನಿಲ್ದಾಣಕ್ಕೆ ಎರಡು ಚರಿತ್ರೆಗಳಿವೆ. ಒಂದು, ಮೀಟರ್ ಗೇಜಿನ ಕಂಬಿಗಳ ಮೇಲೆ ಹಲವು ದಶಕಗಳ ಕಾಲ ನಡೆದ ದುಡಿಮೆಯ ಚರಿತ್ರೆ. ಇನ್ನೊಂದು, ಕಾದಂಬರಿಕಾರನ ಕಲ್ಪನೆಯಿಂದ ಹೊರಟು ಚಿತ್ರನಿರ್ದೇಶಕನ ಕಣ್ಣಿಗೆ ಬಿದ್ದು ಕೋಟಿಗಟ್ಟಲೆ ಮನೆಗಳನ್ನು ಮುಟ್ಟಿದ ಕಲ್ಪಿತ ಚರಿತ್ರೆ. ಎರಡನೆಯದು ಕಟ್ಟಡವನ್ನು ಉಳಿಸಿತು. ಹಾಗೆ ಉಳಿದ ಕಟ್ಟಡದಲ್ಲಿ ಮೊದಲನೆಯ ಚರಿತ್ರೆಗೆ ಎಷ್ಟು ಎಡೆ ದೊರೆಯಬೇಕೆಂಬುದು ವಿಚಾರಮಾಡತಕ್ಕ ಪ್ರಶ್ನೆ. ಅದನ್ನು ನಿರ್ಣಯಿಸುವುದಕ್ಕೆ ಮೊದಲು ಎರಡನ್ನೂ ಬೇರೆಬೇರೆಯಾಗಿ ತಿಳಿಯುವುದು ಯುಕ್ತ.

2. ಮಾರ್ಗದ ಚರಿತ್ರೆ

ಮೈಸೂರು ಸಂಸ್ಥಾನದಲ್ಲಿ ರೈಲುಮಾರ್ಗಗಳ ವಿಸ್ತಾರಕ್ಕೆ ಮೊದಲ ಪ್ರೇರಣೆಯನ್ನಿತ್ತುದು ಕ್ಷಾಮ. 1876ರಿಂದ 1878ರವರೆಗಿನ ಘೋರ ಬರಗಾಲದಲ್ಲಿ ಹಸಿದವರಿಗೆ ಕೂಲಿಯೊದಗಿಸುವ ಕಾಮಗಾರಿಯಾಗಿ ಬೆಂಗಳೂರು-ಮೈಸೂರು ಮಾರ್ಗದ ಕೆಲಸ ಆರಂಭವಾಯಿತು. 1882ರ ಹೊತ್ತಿಗೆ ಬಂಡಿ ಮೈಸೂರನ್ನು ಮುಟ್ಟಿತು. ಆ ಮಾರ್ಗಕ್ಕೆ ಮೀಟರ್ ಗೇಜನ್ನು, ಎಂದರೆ ಎರಡು ಕಂಬಿಗಳ ನಡುವೆ ಒಂದು ಮೀಟರು ಅಂತರವಿರುವ ಕ್ರಮವನ್ನು, ಆರಿಸಿಕೊಳ್ಳಲಾಯಿತು. ದೊಡ್ಡ ಗೇಜಿನ ಅಂತರ 1,676 ಮಿಲಿಮೀಟರು. ಚಿಕ್ಕ ಗೇಜಿಗೆ ಅಗಲ ಕಡಿಮೆಯಾದ ದಿಣ್ಣೆ ಸಾಕು, ಹಗುರವಾದ ಸೇತುವೆ ಸಾಕು. ಗುಡ್ಡಗಾಡಿನಲ್ಲಿ ಹೆಚ್ಚು ಬಳುಕಿನ ತಿರುವುಗಳನ್ನೂ ಅದು ಸಹಿಸುತ್ತದೆ. ಬೊಕ್ಕಸದಲ್ಲಿ ಹಣ ಮಿತವಾಗಿದ್ದ ಸಂಸ್ಥಾನಕ್ಕೆ ಅದು ಸಹಜವಾದ ಆಯ್ಕೆಯಾಗಿದ್ದಿತು.

1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲುಮಾರ್ಗ ಬಂದಿತು. ಆಮೇಲೆ ಬಹುಕಾಲ ಶಿವಮೊಗ್ಗವೇ ಮಾರ್ಗದ ಕೊನೆ. ಅಲ್ಲಿಂದ ಪಶ್ಚಿಮಕ್ಕೆ, ಮಳೆಯ ಸೀಮೆಯೊಳಕ್ಕೆ, ಕಂಬಿಗಳು ಮುಂದುವರಿದುದು 1930ರ ದಶಕದಲ್ಲಿ. ಕುಂಸಿ, ಅರಸಾಳು, ಆನಂದಪುರ, ಸಾಗರಗಳ ಮೂಲಕ ಹಂತಹಂತವಾಗಿ ಸಾಗಿದ ಮಾರ್ಗವು 1940ರ ಸುಮಾರಿಗೆ ತಾಳಗುಪ್ಪವನ್ನು ಸೇರಿ ನಿಂತಿತು. ತಾಳಗುಪ್ಪದಿಂದ ಜೋಗದ ಜಲಪಾತ ದೂರವಲ್ಲ. ಶರಾವತಿಯ ನೀರಿನಿಂದ ವಿದ್ಯುತ್ತನ್ನು ಪಡೆಯುವ ಕಾರ್ಯವೂ ಅದೇ ಕಾಲದಲ್ಲಿ ಅಲ್ಲಿ ಆರಂಭವಾಯಿತೆಂಬುದನ್ನು ನೆನೆದರೆ, ಈ ಮಾರ್ಗವು ಕಾಡಿನ ಮೂಲೆಯನ್ನು ಸಂಸ್ಥಾನದ ಕೈಗಾರಿಕೆಯ ಬಾಳಿಗೆ ಕೂಡಿಸುವ ಯುಗದ ಶಿಶುವೆಂಬುದು ಸ್ಪಷ್ಟವಾಗುತ್ತದೆ.

1951ರ ಏಪ್ರಿಲ್ 14ರಂದು ಮೈಸೂರು ಸಂಸ್ಥಾನದ ರೈಲ್ವೆಯು ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗುಳ್ಳ ನೈರುತ್ಯ ರೈಲ್ವೆ ಹುಟ್ಟಿದಾಗ ಅರಸಾಳು ಅದರ ಆಡಳಿತಕ್ಕೆ ಸೇರಿತು. ಆಡಳಿತದ ಹೆಸರುಗಳು ಬದಲಾದರೂ, ನಿಲ್ದಾಣದ ನಿತ್ಯದ ಬದುಕು ದಶಕಗಳ ಕಾಲ ಹೆಚ್ಚಾಗಿ ಮಾರ್ಪಡಲಿಲ್ಲ. ಆ ನಿತ್ಯದ ಬದುಕು ಎಂತಹುದೆಂಬುದನ್ನು ಇನ್ನು ನೋಡಬೇಕು.

3. ಚಿಕ್ಕ ನಿಲ್ದಾಣವೆಂಬ ಯಂತ್ರ

ಚಿಕ್ಕ ರೈಲು ನಿಲ್ದಾಣವನ್ನು ಬರಿಯ ಕಟ್ಟಡವೆಂದು ತಿಳಿದರೆ ಅದರ ಅರ್ಥವೇ ಕೈತಪ್ಪುತ್ತದೆ. ಅದು ಒಂದು ಯಂತ್ರದ ಕೀಲು. ಅದರ ಪ್ರತಿಯೊಂದು ವಸ್ತುವಿಗೂ ನಿಯತವಾದ ಕೆಲಸವಿದ್ದಿತು.

ಇಂಥ ಮಾರ್ಗಗಳಲ್ಲಿ ಒಂದೇ ಜೋಡಿ ಕಂಬಿ. ಹೋಗುವ ಬಂಡಿ, ಬರುವ ಬಂಡಿ ಎರಡೂ ಅದರ ಮೇಲೆಯೇ ಓಡಬೇಕು. ಎದುರುಬದುರಾಗಿ ಬರುವ ಎರಡು ಬಂಡಿಗಳು ನಿಲ್ದಾಣದಲ್ಲಿ ಮಾತ್ರ ಒಂದನ್ನೊಂದು ದಾಟಬಲ್ಲವು. ಎರಡು ನಿಲ್ದಾಣಗಳ ನಡುವೆ ಏಕಕಾಲಕ್ಕೆ ಒಂದೇ ಬಂಡಿ ಇರುವಂತೆ ನೋಡಿಕೊಳ್ಳುವುದು ಹೇಗೆ? ಇದಕ್ಕೆ ಹುಡುಕಿದ ಉಪಾಯವೇ ಟೋಕನ್. ನೆರೆಹೊರೆಯ ಎರಡು ನಿಲ್ದಾಣಗಳಲ್ಲಿ ವಿದ್ಯುತ್ತಂತಿಯಿಂದ ಕೂಡಿಸಿದ ಎರಡು ಪೆಟ್ಟಿಗೆಗಳಿರುತ್ತವೆ. ಎರಡೂ ಕಡೆಯ ಸ್ಟೇಷನ್ ಮಾಸ್ತರರು ಒಪ್ಪಿದ ಹೊರತು ಟೋಕನ್ ಹೊರಬರುವುದಿಲ್ಲ. ಒಂದು ಟೋಕನ್ ಹೊರಬಂದ ಮೇಲೆ ಅದು ಯಾವುದಾದರೊಂದು ಪೆಟ್ಟಿಗೆಗೆ ಮರಳುವವರೆಗೆ ಎರಡನೆಯದು ಬಾರದು. ಆ ಟೋಕನ್ ಕೈಯಲ್ಲಿಲ್ಲದೆ ಡ್ರೈವರನು ಬಂಡಿಯನ್ನು ಮುಂದಕ್ಕೆ ಒಯ್ಯುವಂತಿಲ್ಲ. ಅದನ್ನು ಚೀಲದಲ್ಲಿಟ್ಟು ದೊಡ್ಡ ಬಳೆಯೊಂದಕ್ಕೆ ಕಟ್ಟುತ್ತಿದ್ದರು. ನಿಲ್ಲದೆ ಹಾದುಹೋಗುವ ಬಂಡಿಗೆ ಪ್ಲಾಟ್‌ಫಾರ್ಮಿನ ಆಳು ಆ ಬಳೆಯನ್ನು ಎತ್ತಿ ಹಿಡಿಯುತ್ತಿದ್ದನು. ಎಂಜಿನಿನವನು ತೋಳನ್ನು ಚಾಚಿ ಅದನ್ನು ಎತ್ತಿಕೊಳ್ಳುತ್ತಿದ್ದನು. ಕಿಟಕಿಯಿಂದ ನೋಡುವ ಮಕ್ಕಳಿಗೆ ಅದೊಂದು ಆಟದಂತೆ ತೋರುತ್ತಿದ್ದರೂ, ಬಂಡಿಯಲ್ಲಿದ್ದವರೆಲ್ಲರ ಪ್ರಾಣ ಆ ಬಳೆಯಲ್ಲಿದ್ದಿತು.

ಬಂಡಿ ಒಳಬರಬಹುದೇ ಬಾರದೇ ಎಂಬುದನ್ನು ತಿಳಿಸುತ್ತಿದ್ದುದು ಕೈಮರ. ಎತ್ತರದ ಕಂಬಕ್ಕೆ ತಗುಲಿಸಿದ ಹಲಗೆ ಅಡ್ಡಲಾಗಿದ್ದರೆ ನಿಲ್ಲಬೇಕು, ಇಳಿದಿದ್ದರೆ ಬರಬಹುದು. ಸನ್ನೆಗೋಲನ್ನು ಎಳೆದರೆ ನೆಲದ ಮೇಲೆ ಹಾಯಿಸಿದ ತಂತಿ ಬಿಗಿದು ದೂರದ ಹಲಗೆ ಬಾಗುತ್ತಿದ್ದಿತು. 'ಕೈಮರ ಬಿತ್ತು' ಎಂಬ ಕೂಗು ಕೇಳಿದೊಡನೆ ಗಂಟುಮೂಟೆಗಳನ್ನು ಎತ್ತಿಕೊಂಡು ಏಳುತ್ತಿದ್ದ ಜನಕ್ಕೆ ಆ ಮಾತೇ ಗಡಿಯಾರ.

ಟಿಕೇಟಿನ ಕಿಟಕಿಯ ಹಿಂದೆ ಇನ್ನೊಂದು ಅಚ್ಚುಕಟ್ಟಾದ ವ್ಯವಸ್ಥೆ ಇದ್ದಿತು. ಸುಮಾರು ಎರಡೂಕಾಲು ಅಂಗುಲ ಉದ್ದದ ದಪ್ಪ ಕಾಗದದ ಟಿಕೇಟನ್ನು ಇಂಗ್ಲೆಂಡಿನ ಥಾಮಸ್ ಎಡ್ಮಂಡ್‌ಸನ್ ಎಂಬಾತನು 1830ರ ದಶಕದಲ್ಲಿ ಬಳಕೆಗೆ ತಂದನು; ಅವನೂ ಒಂದು ಚಿಕ್ಕ ನಿಲ್ದಾಣದ ಮಾಸ್ತರನೇ. ಟಿಕೇಟಿನ ಮೇಲೆ ಹೊರಡುವ ಊರು, ಸೇರುವ ಊರು, ತರಗತಿ, ಕ್ರಮಸಂಖ್ಯೆ ಇವು ಮೊದಲೇ ಅಚ್ಚಾಗಿರುತ್ತಿದ್ದುವು. ಕೊಡುವಾಗ ತಾರೀಖನ್ನು ಒತ್ತಿದರೆ ಸಾಕು. ದಿನದ ಕೊನೆಯಲ್ಲಿ ಉಳಿದ ಮೊದಲ ಟಿಕೇಟಿನ ಸಂಖ್ಯೆಯನ್ನು ನೋಡಿದರೆ ಮಾರಾಟವಾದವು ಎಷ್ಟೆಂಬುದು ತಿಳಿಯುತ್ತಿದ್ದಿತು. ಲೆಕ್ಕವನ್ನು ಮರೆಮಾಚುವುದು ಸುಲಭವಾಗಿರಲಿಲ್ಲ. ಚಿಕ್ಕ ನಿಲ್ದಾಣಗಳ ಕಪಾಟುಗಳಲ್ಲಿ ಜೋಡಿಸಿಟ್ಟ ಟಿಕೇಟುಗಳ ಹೆಸರುಗಳನ್ನು ಓದಿದರೆ ಆ ಊರಿನ ಜನ ಎಲ್ಲೆಲ್ಲಿಗೆ ಹೋಗುತ್ತಿದ್ದರೆಂಬುದು ಗೊತ್ತಾಗುತ್ತಿದ್ದಿತು. ಪದೇಪದೇ ಹೋಗುವ ಊರಿಗೆ ಅಚ್ಚಿನ ಟಿಕೇಟು; ಎಂದಾದರೊಮ್ಮೆ ಹೋಗುವ ದೂರದ ಊರಿಗೆ ಮಾಸ್ತರರು ಕೈಯಿಂದ ಬರೆದುಕೊಡುವ ಚೀಟಿ. ಊರನ್ನು ಬಿಟ್ಟು ಹೊರನಾಡಿಗೆ ಹೊರಟವನ ಟಿಕೇಟು ಬಹುಮಟ್ಟಿಗೆ ಈ ಎರಡನೆಯ ಬಗೆಯದು.

ಇವುಗಳೊಡನೆ ತಂತಿಯ ಕಟ್ಟೆಯಂತ್ರ, ಸಾಮಾನು ತೂಗುವ ತಕ್ಕಡಿ, ಸರಕಿನ ಕೊಟ್ಟಿಗೆ, ಉಗಿಯ ಎಂಜಿನಿಗೆ ನೀರುಣಿಸುವ ಕೊಳಾಯಿಕಂಬ, ತೂಗುಹಾಕಿದ ಕಂಬಿಯ ತುಂಡನ್ನೇ ಬಡಿದು ಬಾರಿಸುವ ಗಂಟೆ ಇವೆಲ್ಲ ಸೇರಿದರೆ ಒಂದು ನಿಲ್ದಾಣ. ಅದನ್ನು ನಡೆಸುತ್ತಿದ್ದವರು ಬೆರಳೆಣಿಕೆಯ ಜನ: ಸ್ಟೇಷನ್ ಮಾಸ್ತರು, ಪಾಯಿಂಟ್ಸ್‌ಮನ್, ಹಮಾಲರು, ಕಂಬಿಯುದ್ದಕ್ಕೂ ಮಳೆಯಲ್ಲಿ ನಡೆದು ಮೊಳೆ ಸಡಿಲವಾಗಿದೆಯೇ ಎಂದು ನೋಡುವ ಗ್ಯಾಂಗ್‌ಮನ್ನರು.

ನಿಲ್ದಾಣವು ಊರಿನ ರೂಪವನ್ನೂ ತಿದ್ದುತ್ತಿದ್ದಿತು. ಕಂಬಿಗಳು ಏರಿಳಿತವನ್ನು ನೋಡಿ ಹಾಯುತ್ತವೆಯೇ ಹೊರತು ಪೇಟೆಯ ಅನುಕೂಲವನ್ನು ನೋಡಿ ಅಲ್ಲ. ಆದುದರಿಂದ ಎಷ್ಟೋ ಕಡೆ ನಿಲ್ದಾಣ ಊರಿನಿಂದ ದೂರ. ನಾಸಿಕದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಮುಖ್ಯ ಮಾರ್ಗವು ಗೋದಾವರಿಯ ತೀರದ ಹಳೆಯ ಪಟ್ಟಣವನ್ನು ಮುಟ್ಟದೆ ಕೆಲವು ಕಿಲೋಮೀಟರುಗಳಾಚೆ ಹಾದುಹೋಯಿತು. ಆ ಅಂತರವನ್ನು ದಾಟಿಸಲು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕುದುರೆಗಳು ಎಳೆಯುವ ಟ್ರಾಮು ಬಂದಿತು. ಟ್ರಾಮು ಹೋಯಿತು, ನಿಲ್ದಾಣದ ಸುತ್ತ ಬೆಳೆದ ನಾಸಿಕ ರೋಡ್ ತಾನೇ ಒಂದು ಪಟ್ಟಣವಾಯಿತು.

4. ಗೇಜಿನ ಬದಲಾವಣೆ

ಇಂಥ ನಿಲ್ದಾಣದ ವಸ್ತುಗಳು ಒಂದೊಂದಾಗಿ ಕೆಲಸವನ್ನು ಕಳೆದುಕೊಂಡ ಬಗೆಯೂ ತಿಳಿಯತಕ್ಕುದು. ಡೀಸೆಲ್ ಎಂಜಿನು ಬಂದಾಗ ನೀರಿನ ಕಂಬ ನಿರುಪಯೋಗವಾಯಿತು. ಬಣ್ಣದ ದೀಪಗಳು ಬಂದಾಗ ಕೈಮರ ಇಳಿಯಿತು. ಹೊಸ ಸಂಜ್ಞಾವ್ಯವಸ್ಥೆಗಳು ಟೋಕನ್ನಿನ ಬಳೆಯನ್ನು ಅನಗತ್ಯಗೊಳಿಸಿದುವು. ಗಣಕಯಂತ್ರಗಳು ಹರಡಿದಂತೆ ದಪ್ಪ ಟಿಕೇಟು ಈ ಶತಮಾನದ ಮೊದಲ ದಶಕದಲ್ಲಿ ಬಹುಮಟ್ಟಿಗೆ ಮರೆಯಾಯಿತು. ಲಾರಿಗಳು ಬಾಗಿಲಿಗೇ ಬರತೊಡಗಿದ ಮೇಲೆ ಚಿಕ್ಕ ಊರಿನ ಸರಕಿನ ಕೊಟ್ಟಿಗೆಯನ್ನು ಕೇಳುವವರಿಲ್ಲವಾದರು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಗೇಜಿನ ಬದಲಾವಣೆ. ಭಾರತದ ಮುಖ್ಯ ಮಾರ್ಗಗಳನ್ನೆಲ್ಲ ದೊಡ್ಡ ಗೇಜಿಗೆ ತರುವ ಯೋಜನೆ 1992ರಿಂದ ಬಿರುಸಾಗಿ ನಡೆಯಿತು. ಅದರ ಪ್ರಯೋಜನ ಅಲ್ಪವಲ್ಲ. ಸಂಭಾಜಿನಗರದ ವಾಚಕರಿಗೆ ಇದು ಸ್ವಾನುಭವದ ಸಂಗತಿ. ಹೈದರಾಬಾದಿನ ನಿಜಾಮರ ರಾಜ್ಯದಿಂದ ಗೋದಾವರಿಯ ಕಣಿವೆಯಲ್ಲಿ ಹಾಯ್ದು 1900ರಲ್ಲಿ ತೆರೆದ ಮಾರ್ಗ ಮೀಟರ್ ಗೇಜಿನದು; ಅಂದು ಔರಂಗಾಬಾದೆನಿಸಿದ್ದ ನಗರದ ಮೂಲಕ ಅದು ನಾಸಿಕ ಜಿಲ್ಲೆಯ ಮನಮಾಡಕ್ಕೆ ಬಂದು ಮುಂಬಯಿಯ ದೊಡ್ಡ ಗೇಜನ್ನು ಸಂಧಿಸುತ್ತಿದ್ದಿತು. ಮನಮಾಡದಲ್ಲಿ ಪ್ರಯಾಣಿಕರು ಇಳಿದು ಬಂಡಿಯನ್ನು ಬದಲಿಸಬೇಕು. ಸರಕನ್ನು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹೊರಬೇಕು. 1990ರ ದಶಕದಲ್ಲಿ ಮಾರ್ಗವು ದೊಡ್ಡ ಗೇಜಾದ ಮೇಲೆ ಆ ತೊಡಕು ನೀಗಿತು. ಕರ್ನಾಟಕದ ದಿಕ್ಕಿನಲ್ಲಿಯೂ ಹೀಗೆಯೇ: ಬೆಂಗಳೂರು, ಹುಬ್ಬಳ್ಳಿಗಳಿಂದ ಹೊರಟ ಮೀಟರ್ ಗೇಜಿನ ಬಂಡಿ ಒಂದು ಕಾಲಕ್ಕೆ ಪುಣೆಯವರೆಗೂ ಬರುತ್ತಿದ್ದಿತು, 1971ರಲ್ಲಿ ಪುಣೆ-ಮೀರಜ ಮಾರ್ಗ ಮಾರ್ಪಟ್ಟ ಮೇಲೆ ಬದಲಾಯಿಸುವ ಸ್ಥಳ ಮೀರಜಿಗೆ ಸರಿಯಿತು, ಮುಂದೆ ಆ ಅಗತ್ಯವೇ ಹೋಯಿತು. ಹೊರನಾಡ ಕನ್ನಡಿಗರ ಹಿರಿಯ ಪೀಳಿಗೆಗೆ ಊರಿನ ದಾರಿಯೆಂದರೆ ಎರಡು ಗೇಜುಗಳ ನಡುವೆ ತಲೆಯ ಮೇಲೆ ಟ್ರಂಕು ಹೊತ್ತು ನಡೆಯುವ ದಾರಿ.

ಶಿವಮೊಗ್ಗ-ತಾಳಗುಪ್ಪ ಮಾರ್ಗದ ಸರದಿ ತಡವಾಗಿ ಬಂದಿತು. ಕೊನೆಗಾಲದಲ್ಲಿ ಅದರ ಮೇಲೆ ಒಂದೇ ಪೆಟ್ಟಿಗೆಯ ರೈಲು ಬಸ್ಸು ಓಡಾಡುತ್ತಿದ್ದಿತು. 2010ರ ಆಸುಪಾಸಿನಲ್ಲಿ ದೊಡ್ಡ ಗೇಜಿನ ಕೆಲಸ ಮುಗಿದು, ಬೆಂಗಳೂರು ಮೈಸೂರುಗಳಿಂದ ನೇರವಾಗಿ ಬಂಡಿಗಳು ಬರತೊಡಗಿದುವು. ಆದರೆ ಗೇಜು ಬದಲಾದರೆ ಕಂಬಿಗಳಷ್ಟೇ ಬದಲಾಗುವುದಿಲ್ಲ. ತಿರುವು, ಸೇತುವೆ, ಪ್ಲಾಟ್‌ಫಾರ್ಮಿನ ಎತ್ತರ, ಕಟ್ಟಡಗಳ ಸ್ಥಾನ ಎಲ್ಲವೂ ಮಾರ್ಪಡುತ್ತವೆ. ಎಷ್ಟೋ ಕಡೆ ಹಳೆಯ ನಿಲ್ದಾಣಗಳನ್ನು ಕೆಡವಿದರು. ಅರಸಾಳಿನ ಹಳೆಯ ಕಟ್ಟಡವೂ ಕೆಲಸವಿಲ್ಲದೆ ಉಳಿಯಿತು. ಮಲೆನಾಡಿನ ಮಳೆಗೆ ಬಿಟ್ಟರೆ ಅಂಥ ಕಟ್ಟಡವು ತಾನಾಗಿಯೇ ಮಣ್ಣಾಗಲು ಬಹಳ ಕಾಲ ಬೇಡ.

5. ಇಲ್ಲದ ಊರಿನ ಇರುವ ನಿಲ್ದಾಣ

ಅದನ್ನು ಉಳಿಸಿದ ಕಥೆಯು ಆರಂಭವಾದುದು ಅರಸಾಳಿನಲ್ಲಲ್ಲ, 1930ರ ಬೆಂಗಳೂರಿನಲ್ಲಿ. ಆರ್. ಕೆ. ನಾರಾಯಣರು ಆ ವರ್ಷದ ವಿಜಯದಶಮಿಯ ಶುಭದಿನ ತಮ್ಮ ಮೊದಲ ಕಾದಂಬರಿಯನ್ನು ಬರೆಯಲು ತೊಡಗಿದಾಗ ಅವರ ಮನಸ್ಸಿಗೆ ಹೊಳೆದುದು ಒಂದು ಚಿಕ್ಕ ರೈಲು ನಿಲ್ದಾಣ. ಮಾಲ್ಗುಡಿಯೆಂಬ ಊರು ಅದರ ಸುತ್ತ ಹುಟ್ಟಿತು. ಶಾಲೆ, ಸರಯೂ ನದಿ, ಮಾರುಕಟ್ಟೆಯ ಬೀದಿ, ಮೆಂಪಿ ಬೆಟ್ಟ ಇವು ಮುಂದೆ ಬಂದು ಸೇರಿದುವು. ಮಲ್ಲೇಶ್ವರ, ಬಸವನಗುಡಿಗಳ ಹೆಸರು ಕೂಡಿ ಮಾಲ್ಗುಡಿಯಾಯಿತೆಂಬ ಮಾತು ಜನರಲ್ಲಿ ಪ್ರಚಾರದಲ್ಲಿದೆ. ಅದೇನೇ ಇರಲಿ, ಊರಿಗಿಂತ ಮುಂಚೆ ನಿಲ್ದಾಣ ಬಂದಿತೆಂಬುದು ಗಮನಾರ್ಹ.

ಅದು ಆಕಸ್ಮಿಕವಲ್ಲವೆಂಬುದು ಅವರ ಕೃತಿಗಳನ್ನು ಓದಿದವರಿಗೆ ತಿಳಿದಿದೆ. 1935ರಲ್ಲಿ ಪ್ರಕಟವಾದ 'ಸ್ವಾಮಿ ಅಂಡ್ ಫ್ರೆಂಡ್ಸ್' ಮುಗಿಯುವುದು ನಿಲ್ದಾಣದಲ್ಲಿಯೇ. ಊರು ಬಿಟ್ಟು ಹೋಗುವ ಗೆಳೆಯನಿಗೆ ಪುಸ್ತಕವೊಂದನ್ನು ಕೊಡಲು ಬಂದ ಹುಡುಗನ ಕಣ್ಣೆದುರಿಗೆ ಬಂಡಿ ಚಲಿಸಿಬಿಡುತ್ತದೆ. 1945ರ 'ದಿ ಇಂಗ್ಲಿಷ್ ಟೀಚರ್' ಕಾದಂಬರಿಯಲ್ಲಿ ಹೆಂಡತಿಯೂ ಕೂಸೂ ಬರುವ ಬಂಡಿಗಾಗಿ ಕೃಷ್ಣನು ಕಾತರದಿಂದ ಕಾಯುವುದು ಅದೇ ನಿಲ್ದಾಣದಲ್ಲಿ. 1958ರ 'ದಿ ಗೈಡ್' ಕಾದಂಬರಿಯಲ್ಲಿ ಮಾಲ್ಗುಡಿಗೆ ಕಂಬಿಗಳು ಬರುವುದನ್ನೇ ರಾಜುವಿನ ಬಾಲ್ಯದ ಮುಖ್ಯ ಘಟನೆಯಾಗಿ ನಿರೂಪಿಸಿದೆ. ತಂದೆಗೆ ನಿಲ್ದಾಣದಲ್ಲಿ ಅಂಗಡಿ ದೊರೆಯುತ್ತದೆ. ಮಗನು ಅಲ್ಲಿ ನಿಂತು ಬಂದವರಿಗೆ ದಾರಿ ತೋರಿಸುತ್ತ 'ರೈಲ್ವೆ ರಾಜು'ವಾಗುತ್ತಾನೆ. ಚಿಕ್ಕ ಊರಿಗೆ ಹೊರಗಿನ ಲೋಕ ಪ್ರವೇಶಿಸುವ ಬಾಗಿಲು, ಊರಿನ ಮಕ್ಕಳು ಹೊರಗಿನ ಲೋಕಕ್ಕೆ ಹೊರಟುಹೋಗುವ ಬಾಗಿಲು, ಎರಡೂ ಅದೊಂದೇ.

ಈ ಊರಿಗೆ ಕಣ್ಣಿಗೆ ಕಾಣುವ ರೂಪವನ್ನು ಕೊಟ್ಟವರು ಶಂಕರ್ ನಾಗ್. ಟಿ. ಎಸ್. ನರಸಿಂಹನ್ ನಿರ್ಮಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಅವರು ನಿರ್ದೇಶಿಸಿದರು. 1986-87ರಲ್ಲಿ ಅದು ದೂರದರ್ಶನದಲ್ಲಿ ಪ್ರಸಾರವಾಯಿತು. ಊರಿನ ಬೀದಿ, ಮನೆಗಳಿಗಾಗಿ ಅವರು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯನ್ನು ಆರಿಸಿದರು. ಆದರೆ ಆಗುಂಬೆಗೆ ರೈಲಿಲ್ಲ; ರೈಲಿಲ್ಲದೆ ಮಾಲ್ಗುಡಿಯಿಲ್ಲ. ಆ ಕೊರತೆಯನ್ನು ತುಂಬಿದುದು ಅದೇ ಜಿಲ್ಲೆಯ ಅರಸಾಳು. ಹೀಗೆ ಬೀದಿ ಒಂದೆಡೆ, ನಿಲ್ದಾಣ ಇನ್ನೊಂದೆಡೆ ಇದ್ದ ಊರು ತೆರೆಯ ಮೇಲೆ ಒಂದಾಯಿತು.

ಈ ಪ್ರಯತ್ನದ ಹಿಂದಿನ ಜನರನ್ನು ನೆನೆದರೆ ಹೊರನಾಡ ಕನ್ನಡಿಗರಿಗೆ ವಿಶೇಷವಾದ ಆಸಕ್ತಿ ಹುಟ್ಟುತ್ತದೆ. ನಾರಾಯಣರು ಮದ್ರಾಸಿನಲ್ಲಿ ಹುಟ್ಟಿ ಮೈಸೂರನ್ನು ಮನೆ ಮಾಡಿಕೊಂಡು ಇಂಗ್ಲಿಷಿನಲ್ಲಿ ಬರೆದವರು. ಶಂಕರ್ ನಾಗ್ ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿದವರು. 1979ರ '22 ಜೂನ್ 1897' ಎಂಬ ಮರಾಠಿ ಚಿತ್ರದ ರಚನೆಯಲ್ಲಿ ಅವರ ಪಾಲೂ ಇದೆ. ಸ್ವಾಮಿಯ ತಂದೆಯ ಪಾತ್ರವನ್ನು ವಹಿಸಿದ ಗಿರೀಶ ಕಾರ್ನಾಡರು ಹುಟ್ಟಿದುದು ಮಹಾರಾಷ್ಟ್ರದ ಮಾಥೇರಾನದಲ್ಲಿ. ಧಾರಾವಾಹಿಯ ಮಾತು ಹಿಂದಿ ಮತ್ತು ಇಂಗ್ಲಿಷು. ಮಣ್ಣು, ಮಳೆ, ಮನೆಗಳು, ನಟರಲ್ಲಿ ಬಹುಮಂದಿ ಕನ್ನಡದವರು. ಗಡಿಗಳನ್ನು ದಾಟಿ ಬಂದವರೆಲ್ಲ ಕೂಡಿ ಕಟ್ಟಿದ ಊರನ್ನು ಭಾರತದ ಜನ ತಂತಮ್ಮ ಊರೆಂದೇ ತಿಳಿದರು.

1990ರ ಸೆಪ್ಟೆಂಬರ್ 30ರಂದು ಶಂಕರ್ ನಾಗ್ ಅಪಘಾತದಲ್ಲಿ ತೀರಿಕೊಂಡರು. 2001ರಲ್ಲಿ ನಾರಾಯಣರು ಅಸ್ತಂಗತರಾದರು. ಧಾರಾವಾಹಿಯ ಕಲಾನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಮೂರು ದಶಕಗಳ ಅನಂತರ ಅರಸಾಳಿನ ಕಟ್ಟಡಕ್ಕೆ ಮರಳಿ ರೂಪ ಕೊಡುವ ಕೆಲಸದಲ್ಲಿ ಪಾಲುಗೊಂಡರು. ಧಾರಾವಾಹಿಯ ಪಾತ್ರಗಳೂ ಸನ್ನಿವೇಶಗಳೂ ಈಗ ಅಲ್ಲಿ ಚಿತ್ರ, ಶಿಲ್ಪಗಳಾಗಿ ನಿಂತಿವೆ. ಪಕ್ಕದಲ್ಲಿಯೇ ಹೊಸ ಕಂಬಿಗಳ ಮೇಲೆ ಬಂಡಿಗಳು ಓಡುತ್ತಿವೆ.

6. ಹೋಲಿಕೆಗಳು

ಬಳಕೆ ತಪ್ಪಿದ ನಿಲ್ದಾಣಗಳನ್ನು ಸಂಗ್ರಹಾಲಯಗಳಾಗಿ ಉಳಿಸುವ ಪದ್ಧತಿ ಲೋಕದಲ್ಲಿ ಹೊಸದಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಲಿವರ್‌ಪೂಲ್ ರೋಡ್ ನಿಲ್ದಾಣ 1830ರಲ್ಲಿ ತೆರೆದುದು. ಎರಡು ಮಹಾನಗರಗಳ ನಡುವೆ ಉಗಿಬಂಡಿಯಿಂದ ಪ್ರಯಾಣಿಕರನ್ನು ಸಾಗಿಸಿದ ಮೊದಲ ಮಾರ್ಗದ ತುದಿಯದು. 1844ರಲ್ಲಿಯೇ ಪ್ರಯಾಣಿಕರು ಅದನ್ನು ಬಿಟ್ಟರೂ 1975ರವರೆಗೆ ಸರಕಿಗಾಗಿ ಬಳಕೆಯಲ್ಲಿದ್ದಿತು. 1983ರಲ್ಲಿ ಅಲ್ಲಿ ಸಂಗ್ರಹಾಲಯ ಆರಂಭವಾಯಿತು. ಅಮೆರಿಕದ ಮೇರಿಲೆಂಡಿನ ಎಲಿಕಟ್ ಸಿಟಿಯ ನಿಲ್ದಾಣವೂ ಅದೇ ಕಾಲದ್ದು; ಅದೂ ಇಂದು ಸಂಗ್ರಹಾಲಯ. ಇವೆರಡನ್ನೂ ಉಳಿಸಿದುದು ಅವುಗಳ ಸ್ವಂತ ಚರಿತ್ರೆ.

ಅರಸಾಳಿಗೆ ಹತ್ತಿರದ ಹೋಲಿಕೆ ಯಾರ್ಕ್‌ಶೈರಿನ ಓಕ್‌ವರ್ತ್ ಎಂಬ ಹಳ್ಳಿಯದು. 1962ರಲ್ಲಿ ಸರಕಾರಿ ರೈಲ್ವೆಯು ಆ ಕವಲುಮಾರ್ಗವನ್ನು ಮುಚ್ಚಿತು. ಸ್ಥಳೀಯರು ಸಂಘವೊಂದನ್ನು ಕಟ್ಟಿ 1968ರಲ್ಲಿ ತಾವೇ ಬಂಡಿಗಳನ್ನು ಓಡಿಸತೊಡಗಿದರು. 1970ರಲ್ಲಿ ಈಡಿತ್ ನೆಸ್ಬಿಟ್ಟಳ 'ದಿ ರೈಲ್ವೆ ಚಿಲ್ಡ್ರನ್' ಕಾದಂಬರಿಯ ಚಲನಚಿತ್ರವನ್ನು ಅಲ್ಲಿ ತೆಗೆದರು, ಓಕ್‌ವರ್ತ್ ಲೋಕಪ್ರಸಿದ್ಧವಾಯಿತು. ಅಲ್ಲಿಯೂ ಕಥೆ ಜನರನ್ನು ಕರೆತಂದಿತು. ಆದರೆ ಬಂದವರು ಕಾಣುವುದು ಕಥೆಯ ನೆನಪನ್ನು ಮಾತ್ರವಲ್ಲ. ಉರಿಯುವ ಎಂಜಿನನ್ನು, ಟಿಕೇಟು ಒತ್ತುವ ಕೈಯನ್ನು, ಕೈಮರ ಎಳೆಯುವ ಸ್ವಯಂಸೇವಕನನ್ನು. ಕಥೆಯು ಬಾಗಿಲಾಯಿತು, ಒಳಗಿರುವುದು ದುಡಿಮೆಯ ಚರಿತ್ರೆ.

ಕರ್ನಾಟಕದಲ್ಲಿಯೂ ದುಡಿಮೆಯ ಚರಿತ್ರೆಯನ್ನು ಕಾಪಾಡುವ ಸಂಸ್ಥೆಗಳಿವೆ. ಮೈಸೂರಿನ ರೈಲ್ವೆ ಸಂಗ್ರಹಾಲಯ 1979ರಲ್ಲಿ ಸ್ಥಾಪಿತವಾಯಿತು. 1899ರ ಮಹಾರಾಣಿಯವರ ಸಲೂನ್ ಗಾಡಿ ಅದರ ಹೆಮ್ಮೆ. 2020ರಲ್ಲಿ ಹುಬ್ಬಳ್ಳಿಯಲ್ಲಿಯೂ ಒಂದು ಸಂಗ್ರಹಾಲಯ ತೆರೆಯಿತು. ಆದರೆ ಅವು ಹಲವು ಕಡೆಗಳಿಂದ ತಂದ ವಸ್ತುಗಳನ್ನು ನಗರದ ಅಂಗಳದಲ್ಲಿ ಕೂಡಿಸಿದ ಸಂಸ್ಥೆಗಳು. ಮಹಾರಾಣಿಯ ಗಾಡಿಗೆ ಅಂಥ ಕಡೆ ತಾಣವುಂಟು. ಗ್ಯಾಂಗ್‌ಮನ್ನನ ಲಾಂದ್ರ ಅದು ಉರಿದ ಕಂಬಿಯ ಪಕ್ಕದಲ್ಲಿ ಇದ್ದರೆ ಮಾತ್ರ ಮಾತನಾಡುತ್ತದೆ. ಚಿಕ್ಕ ಊರಿನ ನಿಲ್ದಾಣವನ್ನು ಚಿಕ್ಕ ಊರಿನಲ್ಲಿಯೇ, ಇದ್ದ ಕಡೆಯಲ್ಲಿಯೇ ಉಳಿಸುವುದರ ಬೆಲೆ ಇದರಲ್ಲಿದೆ. ಅರಸಾಳಿಗೆ ದೊರೆತಿರುವ ಅವಕಾಶ ಅಪರೂಪವಾದುದು.

7. ಉಳಿಯಬೇಕಾದುದು

ಕಥೆಗಾಗಿ ಕಟ್ಟಡವನ್ನು ಉಳಿಸುವುದು ತಪ್ಪೆಂದು ವಾದಿಸುವವರೂ ಇರಬಹುದು. ಆ ವಾದ ನಿಲ್ಲತಕ್ಕುದಲ್ಲ. ಕಥೆಯಿಲ್ಲದಿದ್ದರೆ ಈ ಕಟ್ಟಡ ಇಂದು ಇರುತ್ತಿತ್ತೆಂದು ಹೇಳಲು ಆಧಾರವಿಲ್ಲ. ಇದೇ ಬಗೆಯ ನೂರಾರು ನಿಲ್ದಾಣಗಳು ಗುರುತಿಲ್ಲದೆ ಹೋಗಿವೆ. ಅಲ್ಲದೆ ನಾರಾಯಣರ ಕಲ್ಪನೆ ಸುಳ್ಳಿನದಲ್ಲ. ಇಂಥ ಸಾವಿರ ನಿಲ್ದಾಣಗಳ ನಿಜದಿಂದ ಅದು ಹುಟ್ಟಿತು. ಆ ನಿಜಕ್ಕೆ ಅರಸಾಳು ಮೈಯನ್ನು ಕೊಟ್ಟಿದೆಯಷ್ಟೆ.

ಆದರೆ ಅಪಾಯವೊಂದಿದೆ. ಮಾಲ್ಗುಡಿಯ ಹೆಸರು ದೊಡ್ಡದು. ಅರಸಾಳಿನ ಹೆಸರು ಚಿಕ್ಕದು. ದೊಡ್ಡ ಹೆಸರಿನ ನೆರಳಿನಲ್ಲಿ ಚಿಕ್ಕ ಹೆಸರು ಮಂಕಾಗುವುದು ಲೋಕರೂಢಿ. ಸ್ವಾಮಿಯು ಗೆಳೆಯನನ್ನು ಬೀಳ್ಕೊಟ್ಟುದು ಎಲ್ಲರಿಗೂ ಗೊತ್ತು. ಅರಸಾಳಿನ ಪ್ಲಾಟ್‌ಫಾರ್ಮಿನಿಂದ ಓದಿಗಾಗಿ, ಉದ್ಯೋಗಕ್ಕಾಗಿ ಹೊರಟ ನಿಜವಾದ ಹುಡುಗರು ಯಾರು, ಅವರನ್ನು ಬೀಳ್ಕೊಟ್ಟವರು ಯಾರು ಎಂಬುದನ್ನು ಯಾವ ಪುಸ್ತಕವೂ ಬರೆದಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ಟೋಕನ್ನಿನ ಬಳೆಯನ್ನು ಎತ್ತಿ ಹಿಡಿದವರು ಇಂದು ವೃದ್ಧರು. ಎಷ್ಟೋ ಮಂದಿ ಈಗಾಗಲೇ ಇಲ್ಲ. ಕಾದಂಬರಿಯನ್ನು ಇನ್ನೂ ನೂರು ವರ್ಷ ಓದಬಹುದು. ಅವರ ನೆನಪಿಗೆ ಅಷ್ಟು ಆಯುಸ್ಸಿಲ್ಲ.

ಈ ನೆನಪಿನೊಡನೆ ಒಂದು ನುಡಿಯೂ ಹೋಗುತ್ತದೆ. ಕೈಮರ, ಉಗಿಬಂಡಿ, ಹೊಗೆಬಂಡಿ, ಕಂಬಿ ಎಂಬ ಕನ್ನಡದ ಮಾತುಗಳು ಪಂಡಿತರ ಸಭೆಯಲ್ಲಿ ಹುಟ್ಟಿದುವಲ್ಲ. ನಿಲ್ದಾಣದ ಕಟ್ಟೆಯ ಮೇಲೆ ಕುಳಿತ ಜನ ಹೊಸ ವಸ್ತುವನ್ನು ಕಂಡು ತಮ್ಮ ಬಾಯಿಂದ ಕೊಟ್ಟ ಹೆಸರುಗಳು. ಕೈಮರ ಇಳಿದ ಮೇಲೆ ಆ ಮಾತನ್ನು ಆಡುವ ಸಂದರ್ಭವೇ ಇಲ್ಲ. ವಸ್ತುವನ್ನು ಗಾಜಿನ ಪೆಟ್ಟಿಗೆಯಲ್ಲಿಡಬಹುದು. ಮಾತನ್ನು ಬಲ್ಲವರಿಂದ ಕೇಳಿ ಬರೆದಿಟ್ಟುಕೊಳ್ಳಬೇಕು.

ಇಲ್ಲಿ ಹೊರನಾಡ ಕನ್ನಡಿಗರ ಪಾತ್ರ ಅಲ್ಪವಲ್ಲ. ಊರಿನಲ್ಲಿ ಉಳಿದವರಿಗೆ ನಿಲ್ದಾಣ ನಿತ್ಯದ ವಸ್ತು. ಅದನ್ನು ಅವರು ಗಮನಿಸಿರದೆ ಇರಬಹುದು. ಊರನ್ನು ಬಿಟ್ಟವರಿಗೆ ಅದು ಊರಿನ ಕೊನೆಯ ನೋಟವೂ ಹೌದು, ಮರಳುವಾಗ ಮೊದಲ ನೋಟವೂ ಹೌದು. ಹಳದಿಯ ಹಲಗೆಯ ಮೇಲೆ ಕಪ್ಪು ಕನ್ನಡದ ಅಕ್ಷರ ಕಂಡೊಡನೆ ಊರಿನ ಹತ್ತಿರ ಬಂದೆವೆಂದು ತಿಳಿದ ಪೀಳಿಗೆ ನಾಸಿಕದಲ್ಲಿಯೂ ಸಂಭಾಜಿನಗರದಲ್ಲಿಯೂ ಇದೆ. ಅಂಥವರ ಮನೆಗಳ ಹಳೆಯ ಟ್ರಂಕುಗಳಲ್ಲಿ ದಪ್ಪ ಟಿಕೇಟು, ಸಾಮಾನಿನ ರಸೀತಿ, 'ಇಂಥ ಬಂಡಿಗೆ ಬರುತ್ತೇನೆ, ನಿಲ್ದಾಣಕ್ಕೆ ಗಾಡಿ ಕಳುಹಿಸಿ' ಎಂದು ಬರೆದ ಕಾರ್ಡುಗಳು ಇರುವುದು ಅಸಂಭವವಲ್ಲ. ಅವುಗಳ ಮೇಲೆ ಊರಿನ ಹೆಸರೂ ತಾರೀಖೂ ಇರುತ್ತವೆ. ಚರಿತ್ರಕಾರನಿಗೆ ಅದಕ್ಕಿಂತ ಹೆಚ್ಚಿನದೇನೂ ಬೇಡ. ಕನ್ನಡ ಸಂಘಗಳು ಇವನ್ನು ಪಟ್ಟಿಮಾಡಿ, ಹಿರಿಯರ ಪ್ರಯಾಣದ ನೆನಪುಗಳನ್ನು ಅವರ ಮಾತಿನಲ್ಲಿಯೇ ಬರೆದಿಟ್ಟರೆ, ಅರಸಾಳಿನಂಥ ಸಂಗ್ರಹಾಲಯಗಳಿಗೆ ಅದೇ ತಕ್ಕ ಕಾಣಿಕೆ.

ಕೈಲಾಸವನ್ನು ಕೊರೆದ ಶಿಲ್ಪಿಗಳ ಹೆಸರುಗಳನ್ನು ಇಂದು ತಿಳಿಯುವ ಬಗೆಯಿಲ್ಲ. ಕೇಳಿ ಬರೆದಿಡಬಹುದಾಗಿದ್ದ ಕಾಲ ಸಾವಿರ ವರ್ಷಗಳ ಹಿಂದೆಯೇ ಮುಗಿಯಿತು. ಅರಸಾಳಿನ ಕಂಬಿಗಳನ್ನು ಕಾಯ್ದವರ ವಿಷಯದಲ್ಲಿ ಆ ಕಾಲ ಇನ್ನೂ ಮುಗಿದಿಲ್ಲ. ಕಥೆಯು ಕಟ್ಟಡವನ್ನು ಉಳಿಸಿ ತನ್ನ ಕೆಲಸವನ್ನು ಮಾಡಿದೆ. ಉಳಿದ ಕೆಲಸ ನೆನಪುಳ್ಳವರದು.